ಟೇಪ್ ಡ್ರೈವ್ ತೆವಳುತ್ತಿದೆಯೇ? ಬಳಕೆದಾರರ ಕೈಪಿಡಿ

ಎಲ್‌ಟಿಓ-8 ಟೇಪ್ ಡ್ರೈವ್ ಇಟ್ಟುಕೊಂಡೂ ರಾತ್ರಿಯ ಬ್ಯಾಕಪ್ ಮರುದಿನ ಊಟದ ಹೊತ್ತಿಗೂ ಮುಗಿಯದೆ ಪರದಾಡುವವರಿಗಾಗಿ ಈ ಕೈಪಿಡಿ.

ಮೊದಲ ಹೆಜ್ಜೆ: ಡ್ರೈವನ್ನು ಬೈಯಿರಿ. ಎಲ್ಲರೂ ಅಲ್ಲಿಂದಲೇ ಶುರು ಮಾಡುವುದು, ನಿಮ್ಮನ್ನು ತಡೆದು ಪ್ರಯೋಜನವಿಲ್ಲ. ಬೈದಾದ ಮೇಲೆ ಕ್ಲೀನಿಂಗ್ ಕಾರ್ಟ್ರಿಜ್ ತುರುಕುವ ಆಸೆ ಹುಟ್ಟುತ್ತದೆ. ಅದನ್ನು ಮಾತ್ರ ತಡೆದುಕೊಳ್ಳಿ. ಬೇಕಾದಾಗ ಡ್ರೈವೇ ದೀಪ ಹಚ್ಚಿ ಕೇಳುತ್ತದೆ. ಕೇಳದೆ ದಿನಾ ಉಜ್ಜಿದರೆ ಸವೆಯುವುದು ಹೆಡ್ಡು.

ಎರಡನೆಯದು: ಕಿವಿಗೊಡಿ. ಗುಂಯ್ ಎಂದು ಒಂದೇ ಸಮನೆ ಓಡುತ್ತಿದ್ದರೆ ಸರಿ. ಗುಂಯ್, ಟಕ್, ಮೌನ, ಹಿಂದಕ್ಕೆ ಗುಂಯ್, ಮತ್ತೆ ಮುಂದಕ್ಕೆ, ಹೀಗಿದೆಯೇ? ಇದನ್ನೇ ಕಸುಬಿನವರು ಶೂ ಶೈನಿಂಗ್ ಅನ್ನುವುದು. ಬಫರ್ ಖಾಲಿಯಾಗಿದೆ. ಓಡುತ್ತಿದ್ದ ಟೇಪು ತಟ್ಟನೆ ನಿಲ್ಲಲಾರದು. ಬರೆದ ಜಾಗ ದಾಟಿ ನಿಂತು, ಹಿಂದಕ್ಕೆ ಸುತ್ತಿ, ಮತ್ತೆ ಓಟ ಹಿಡಿದು, ಬಿಟ್ಟಲ್ಲಿಂದ ಬರೆಯಬೇಕು. ಪ್ರತಿ ಸಲವೂ ಸೆಕೆಂಡುಗಳು ಹಾಳು, ಟೇಪೂ ಸವೆತ.

ಡೇಟಾ ಕಳಿಸುವ ಕಡೆ ನಿಧಾನ, ಬೈಗುಳ ಡ್ರೈವಿಗೆ: ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಲೆಕ್ಕ ನೋಡಿ. ಈ ಡ್ರೈವು ಸೆಕೆಂಡಿಗೆ 360 ಎಂಬಿ ಬರೆಯಬಲ್ಲದು. 12 ಟಿಬಿ ಟೇಪು ಒಂಬತ್ತು ಗಂಟೆ ಚಿಲ್ಲರೆಯಲ್ಲಿ ತುಂಬಬೇಕು. ಡೇಟಾ ಕಡಿಮೆ ಬಂದರೆ ತಾನೇ ವೇಗ ತಗ್ಗಿಸಿಕೊಳ್ಳುವ ಸೌಜನ್ಯವೂ ಅದಕ್ಕಿದೆ, ಆದರೆ ಸುಮಾರು 112 ಎಂಬಿವರೆಗೆ ಮಾತ್ರ. ನಿಮ್ಮ ಒಂದು ಗಿಗಾಬಿಟ್ ನೆಟ್‌ವರ್ಕ್ ಉಸಿರು ಬಿಗಿಹಿಡಿದು ಕೊಡುವುದು 110ರ ಆಸುಪಾಸು. ಅದರ ಮೇಲೆ ಕಂಪ್ರೆಷನ್ ಚಾಲೂ ಇದ್ದು ಡೇಟಾ ಅರ್ಧಕ್ಕೆ ಕುಗ್ಗಿತೋ, ಬೇಕಾಗುವುದು ಇಮ್ಮಡಿ. ಇನ್ನು ಅಕೌಂಟ್ಸ್ ವಿಭಾಗದ ಲಕ್ಷಾಂತರ ಪುಟ್ಟ ಫೈಲುಗಳನ್ನು ಒಂದೊಂದಾಗಿ ಹುಡುಕಿ ತೆರೆಯುವ ಹಳೇ ಡಿಸ್ಕಿನ ಪಾಡು ಕೇಳಲೇಬೇಡಿ. ಎಲ್ಲವನ್ನೂ ದೊಡ್ಡ ಫೈಲಾಗಿ ಕಟ್ಟಿ, ಡ್ರೈವು ಕೂತಿರುವ ಸರ್ವರಿನದೇ ಎಸ್‌ಎಸ್‌ಡಿಗೆ ತಂದುಕೊಂಡು, ಅಲ್ಲಿಂದ ಟೇಪಿಗೆ ಸುರಿಯಿರಿ.

ವೇಗ ಪರೀಕ್ಷಿಸಲು ಬರೀ ಸೊನ್ನೆಗಳನ್ನು ಬರೆಯಬೇಡಿ. ಕಂಪ್ರೆಷನ್ ಅವನ್ನು ಇಲ್ಲವೆಂಬಷ್ಟು ಕುಗ್ಗಿಸುವುದರಿಂದ ಅಂಕಿ ಸುಳ್ಳು ಹೇಳುತ್ತದೆ. (ಮ್ಯಾನೇಜರಿಗೆ ತೋರಿಸುವುದಷ್ಟೇ ಇದ್ದರೆ ಸೊನ್ನೆಯೇ ಸರಿ.)

ಉಳಿದದ್ದು ಬ್ಲಾಕ್ ಗಾತ್ರ. ಹೇಳದೆ ಬಿಟ್ಟರೆ ಟಾರ್ ಬರೆಯುವುದು 10 ಕೆಬಿ ತುಣುಕುಗಳಲ್ಲಿ. 256 ಕೆಬಿಗೆ ಏರಿಸಿ. ಏರಿಸಿದ್ದನ್ನು ಕಾರ್ಟ್ರಿಜ್ ಲೇಬಲ್ಲಿನ ಮೇಲೆ ಬರೆದಿಡಿ. ಇಲ್ಲವಾದರೆ ರೀಸ್ಟೋರ್ ಮಾಡುವ ದಿನ ಹಳೇ ಗಾತ್ರದಲ್ಲಿ ಓದಲು ಹೋದ ಲಿನಕ್ಸ್, ಬ್ಲಾಕ್ ದೊಡ್ಡದಾಯಿತು ಎನ್ನುವುದಿಲ್ಲ. ಮೆಮೊರಿ ಸಿಗಲಿಲ್ಲ ಅನ್ನುತ್ತದೆ. ನೀವು ಲೇಬಲ್ ಹುಡುಕುವಷ್ಟರಲ್ಲಿ ಖರೀದಿ ವಿಭಾಗ ಹೊಸ ರ್‍ಯಾಮ್‌ಗೆ ಮೂರು ಕೊಟೇಶನ್ ಕರೆದಿರುತ್ತದೆ.