ಆಂಬಿಯೆಂಟಪ್ಪ

ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆ ಈತನಿಗೆ ನೆಂಟರಿದ್ದಾರೆ. ಹಾಗಾಗಿ ಮೂರೂ ಊರಿಗೂ ಈತನ ಕಾಟವಿದೆ. ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡುವ ಭಾಗ್ಯ ಸಿಕ್ಕಿದ್ದೇ ತಡ, ಲ್ಯಾಪ್‌ಟಾಪಿನ ಜೊತೆ ಒಂದು ಬ್ಲೂಟೂತ್ ಸ್ಪೀಕರನ್ನೂ ಹೊತ್ತು ಬಂದಿಳಿದ. ಹೆಸರು ಬೇಡ, ಆಂಬಿಯೆಂಟಪ್ಪ ಅನ್ನೋಣ.

"ಯಾವ ಹಾಡಪ್ಪ ಇದು?" ಅಂದರೆ ಸಿಟ್ಟು ಬರುತ್ತದೆ. ಹಾಡಲ್ಲವಂತೆ, ಅನುಭವವಂತೆ. ಪಲ್ಲವಿಯಿಲ್ಲ, ತಾಳವಿಲ್ಲ. ಸಿಂಥಸೈಜರಿನ ಒಂದು ಸ್ವರ ಏಳುತ್ತದೆ, ಹರಡುತ್ತದೆ, ಇನ್ನೇನು ಮುಗಿಯಿತು ಅಂದುಕೊಂಡು ನೀವು ಏಳುವಷ್ಟರಲ್ಲಿ ಅದೂ ಮತ್ತೆ ಏಳುತ್ತದೆ. ಇದಕ್ಕೆ ಆಂಬಿಯೆಂಟ್ ಎಂದು ಹೆಸರಿಟ್ಟ ಇಂಗ್ಲೆಂಡಿನ ಬ್ರಿಯಾನ್ ಈನೋ 1978ರಲ್ಲಿ ವಿಮಾನ ನಿಲ್ದಾಣಗಳಿಗೆಂದೇ ಒಂದು ಆಲ್ಬಂ ಮಾಡಿದ. ನಮ್ಮವನು ಅದನ್ನು ಬೀರೂರು ಜಂಕ್ಷನ್ನಿನಲ್ಲಿ ಕೂತು ಕೇಳುತ್ತಾನೆ. ಅದೇ ಈನೋನ 'ಥರ್ಸ್‌ಡೇ ಆಫ್ಟರ್‌ನೂನ್' ಎಡೆಬಿಡದೆ 61 ನಿಮಿಷ.

ಕಡೂರಿನಲ್ಲೊಂದು ಸಂಜೆ ಚಿಕ್ಕಪ್ಪನನ್ನು ತಾರಸಿಗೆ ಎಳೆದೊಯ್ದು ಕೂರಿಸಿದ. ಸ್ಪೀಕರ್ ಹಚ್ಚಿ, ಕಣ್ಣು ಮುಚ್ಚಿ, "ಚಿಕ್ಕಪ್ಪ, ಅಡಿಯಲ್ಲಿ ಒಂದು ಗುಂಯ್ ಅನ್ನೋದು ಕೇಳಿಸ್ತಿದೆಯಾ? ಎಂಥಾ ಆಳ!" ಅಂದ.

"ಆಳನೇ ಕಣಪ್ಪ. ಎಂಟುನೂರು ಅಡಿ ದಾಟಿದೆಯಂತೆ. ಇನ್ನೂ ಬರೀ ಧೂಳು."

ಪಕ್ಕದ ತೆಂಗಿನ ತೋಟದಲ್ಲಿ ಬೋರ್‌ವೆಲ್ ಲಾರಿ ನಿಂತಿತ್ತು. ಸ್ಪೀಕರಿನ ಬ್ಯಾಟರಿ ಆಗಲೇ ಸತ್ತಿತ್ತು.

ತರೀಕೆರೆಯ ಮಾವನ ಮನೆಯಲ್ಲಿ ಅಡಿಕೆ ಸುಲಿಯುವ ಯಂತ್ರ ಶುರುವಾದ ದಿನವೇ ಗಂಟುಮೂಟೆ ಕಟ್ಟಿದ. ಉಳಿದದ್ದು ಅಜ್ಜಂಪುರದ ಅತ್ತೆ. ಅಲ್ಲಿ ಪಡಸಾಲೆ ತುಂಬ ಈರುಳ್ಳಿ. ನಾಲ್ಕು ಹೆಂಗಸರು ಹಸನು ಮಾಡುತ್ತ ದರದ ಬಗ್ಗೆ, ಯಾರದೋ ಸೊಸೆಯ ಬಗ್ಗೆ ಮಾತಾಡುತ್ತಿದ್ದರು. ಈತ ಸ್ಪೀಕರನ್ನು ಕಂಬದ ಪಕ್ಕ ಇಟ್ಟು ವಾಲ್ಯೂಮ್ ಪೂರ್ತಿ ತಿರುಗಿಸಿ, "ಅತ್ತೆ, ಒಂದು ಗಂಟೆ ಎಲ್ಲರೂ ಸುಮ್ನಿರಿ" ಅಂದ. ಅವರು ಸುಮ್ಮನಾಗಲಿಲ್ಲ. ದನಿ ಏರಿಸಿದರು, ಅಷ್ಟೆ.

ಈನೋನ ಕಥೆಯನ್ನಾದರೂ ಈತ ಪೂರ್ತಿ ಓದಬೇಕಿತ್ತು. 1975ರಲ್ಲಿ ಅಪಘಾತವಾಗಿ ಆತ ಮಲಗಿದ್ದಾಗ ಯಾರೋ ಹಾರ್ಪ್ ವಾದನದ ರೆಕಾರ್ಡ್ ತಂದುಕೊಟ್ಟರು. ಹಾಕಿದ ಮೇಲೆ ನೋಡಿದರೆ ವಾಲ್ಯೂಮ್ ತೀರಾ ಕಡಿಮೆ, ಎದ್ದು ಹೆಚ್ಚಿಸಲು ಶಕ್ತಿಯಿಲ್ಲ. ಮಳೆಯ ಸದ್ದಿನಲ್ಲಿ ವಾದ್ಯ ಅರ್ಧಂಬರ್ಧ ಬೆರೆತುಹೋಯಿತು; ಅಲ್ಲಿಂದ ಹೊಳೆದ ದಾರಿಯಿದು. ಕೇಳಿದರೂ ಸರಿ, ಕಿವಿಗೆ ಹಾಕಿಕೊಳ್ಳದಿದ್ದರೂ ಸರಿ ಎಂಬ ಸಂಗೀತವೇ ಆತನಿಗೆ ಬೇಕಿದ್ದದ್ದು. ಆ ಲೆಕ್ಕದಲ್ಲಿ ಅಜ್ಜಂಪುರದ ಪಡಸಾಲೆಯಲ್ಲಿ ಆಂಬಿಯೆಂಟ್ ಕೇಳಲು ಬಾರದವನು ಆಂಬಿಯೆಂಟಪ್ಪ ಒಬ್ಬನೇ.