ಶೀತಲೋಪಾಸನೆ

ಉಷ್ಣಮಾನವು 42 ಡಿಗ್ರಿಯನ್ನು ದಾಟಿದ ವೈಶಾಖದ ಮಧ್ಯಾಹ್ನದಲ್ಲಿ, ಯಾದಗಿರಿಯ ಕೋಟೆಯ ಬುಡದಲ್ಲಿ ನಿಂತು ಕಾದ ಕಾರನ್ನೇರಿ, ಕಿಟಕಿಗಳನ್ನು ಭದ್ರವಾಗಿ ಮುಚ್ಚಿ, ಏಸಿಯ ಗುಂಡಿಯನ್ನು ತುತ್ತತುದಿಗೆ ತಿರುಗಿಸಿ, ತತ್‌ಕ್ಷಣವೇ ಹಿಮಾಲಯವು ಅವತರಿಸಲಿಲ್ಲವೆಂದು ಯಂತ್ರವನ್ನು ಶಪಿಸುವುದು ನಮ್ಮವರ ನಿತ್ಯಕರ್ಮವಾಗಿದೆ. ಕಿಟಕಿ ತೆರೆದು ಕುದಿಗಾಳಿಯನ್ನು ಮೊದಲು ಹೊರಗಟ್ಟಿ, ಅನಂತರ ಒಳಗಾಳಿಯನ್ನೇ ಮರಳಿ ಮರಳಿ ತಂಪಿಸುವ ಗುಂಡಿಯನ್ನೊತ್ತಿದರೆ, ಶಹಾಪುರದ ಬುದ್ಧ ಮಲಗಿದ ಬೆಟ್ಟವು ಗೋಚರಿಸುವಷ್ಟರಲ್ಲಿ ನಾವೂ ಅದೇ ಭಂಗಿಗಿಳಿಯಬಹುದು, ಚಾಲಕನೊಬ್ಬನ ಹೊರತು. ಹಿಂದೊಮ್ಮೆ ಸುರಪುರದಲ್ಲಿದ್ದ ಆಂಗ್ಲ ಅಧಿಕಾರಿ ಟೇಲರ್ ಸಾಹೇಬನು ಗುಡ್ಡದ ಮೇಲೆ ಮಹಲು ಕಟ್ಟಿಸಿ ಗಾಳಿಯನ್ನು ಪುಕ್ಕಟೆ ಪಡೆದನು. ನಾವಾದರೋ ಹತ್ತಿಹೊಲದ ಎರೆಧೂಳು ತುಂಬಿದ ಫಿಲ್ಟರನ್ನು ವರ್ಷಗಟ್ಟಲೆ ಝಾಡಿಸದೆ, “ಗ್ಯಾಸ್ ಖಾಲಿ ಆಗ್ಯಾದೇನ್ರಿ?” ಎಂದು ಮೆಕ್ಯಾನಿಕನನ್ನು ಕೇಳುತ್ತೇವೆ. ಆತನು ಫಿಲ್ಟರನ್ನು ಕಳಚಿ, ನೆಲಕ್ಕೆ ಕುಟ್ಟಿ, ರಾಶಿಯನ್ನು ನಿರ್ವಿಕಾರವಾಗಿ ನೋಡಿ, “ಗ್ಯಾಸ್ ಅದ ರೀ, ಇದ್ರಾಗ ತೊಗರಿ ಬಿತ್ರಿ” ಎನ್ನುತ್ತಾನೆ.