ಗೆಳತಿಯನ್ನು ಉದ್ಧರಿಸುವ ಕ್ರಮ

ಮೊದಲು ಗೆಳತಿಯನ್ನು ಆರಿಸಿಕೊಳ್ಳಿ. ಅಂತಸ್ತಿನಲ್ಲಿ ಸರಿಸಮಳು ಬೇಡ, ಎದುರು ಮಾತಾಡಿಯಾಳು. ಈ ವಿದ್ಯೆಗೆ ಜೇನ್ ಆಸ್ಟಿನ್ ಅವರ ‘ಎಮ್ಮಾ’ವನ್ನು ಮೀರಿಸುವ ಕೈಪಿಡಿ ಇನ್ನೂ ಬಂದಿಲ್ಲ. ಪುಸ್ತಕದ ಮೇಲೆ 1816 ಎಂದಿದ್ದರೂ ಅಂಗಡಿಗೆ ಬಂದದ್ದು 1815ರ ಡಿಸೆಂಬರಿನಲ್ಲಿ. ಎಮ್ಮಾ ವುಡ್‌ಹೌಸ್‌ಗೆ 21ರ ಹತ್ತಿರದ ವಯಸ್ಸು, 30,000 ಪೌಂಡ್ ಆಸ್ತಿ. ಅವಳ ಊರಾದ ಹೈಬರಿಯಲ್ಲಿ ಅವಳ ಮಾತಿಗೆ ಇಲ್ಲವೆನ್ನುವವರು ಕಡಿಮೆ. ಅವಳು ಆರಿಸಿದ್ದು ಹ್ಯಾರಿಯೆಟ್ ಸ್ಮಿತ್‌ಳನ್ನು: 17 ವರ್ಷ, ನೋಡಲು ಚೆಂದ, ತಂದೆ ಯಾರೆಂದು ಊರಿಗೆ ಗೊತ್ತಿಲ್ಲ. ತಂದೆಯ ಜಾಗ ಖಾಲಿಯಿದ್ದರೆ ಅಲ್ಲಿ ಯಾರಾದರೂ ಗಣ್ಯನನ್ನು ನೀವೇ ಕೂರಿಸಿ. ಪುರಾವೆ ಕೇಳುವವರು ಬಂದಾಗ ನೋಡಿಕೊಳ್ಳೋಣ.

ಹುಡುಗಿಗೆ ಆಗಲೇ ಒಬ್ಬ ಒಳ್ಳೆಯ ಹುಡುಗ ಸಿಕ್ಕಿದ್ದರೆ ಗಾಬರಿಯಾಗಬೇಡಿ. ರಾಬರ್ಟ್ ಮಾರ್ಟಿನ್ ಊರಿನ ಜಮೀನ್ದಾರ ನೈಟ್ಲಿ ಸಾಹೇಬರ ಗೇಣಿದಾರ, ಕೃಷಿ ವರದಿ ಓದುವವನು, ಹ್ಯಾರಿಯೆಟ್‌ಗೆ ಅಕ್ರೋಟು ಇಷ್ಟವೆಂದು ಮೂರು ಮೈಲಿ ಹೋಗಿ ತಂದವನು. ಅಕ್ರೋಟಿನ ಸುದ್ದಿ ತೇಲಿಸಿಬಿಡಿ. ಅವನ ನಡಿಗೆ, ದನಿ, ಗತ್ತಿಲ್ಲದ ಮೈಕಟ್ಟು ಇವನ್ನೇ ಎತ್ತಿ ಆಡಿ. ತೀರ ಬಡವನಾಗಿದ್ದರೆ ದಾನವನ್ನಾದರೂ ಮಾಡಬಹುದಿತ್ತು, ದುಡಿದು ಉಣ್ಣುವವನಿಂದ ನಮಗೇನು ಉಪಯೋಗ ಎಂದು ಬೇಸರದಿಂದ ಹೇಳಿ.

ಮದುವೆ ಕೇಳಿ ಅವನ ಪತ್ರ ಬಂದರೆ ಪೂರ್ತಿ ಓದಿ. ಚೆನ್ನಾಗಿದ್ದರೆ (ಚೆನ್ನಾಗಿಯೇ ಇತ್ತು) ಅಕ್ಕತಂಗಿಯರು ಯಾರೋ ಕೈ ಆಡಿಸಿರಬೇಕು ಅನ್ನಿ. ಇಲ್ಲಿಂದ ಮುಂದೆ ಎಚ್ಚರ. ಬಾಯಿಬಿಟ್ಟು ಬೇಡ ಅನ್ನಬಾರದು. ಅಂದರೆ ಹೊಣೆ ನಿಮ್ಮ ತಲೆಗೆ ಬರುತ್ತದೆ. ತೀರ್ಮಾನ ಅವಳದೇ ಎಂದು ಹೇಳಿ ಸುಮ್ಮನೆ ಕೂತುಬಿಡಿ. ಆ ಮೌನದ ಭಾರಕ್ಕೆ ಬಡಹುಡುಗಿ ತಾನಾಗಿ ಬಗ್ಗುತ್ತಾಳೆ. ಒಲ್ಲೆ ಎಂದ ಮೇಲೆ ಮಾತ್ರ, ಒಪ್ಪಿದ್ದರೆ ನಿನ್ನ ಮನೆಗೆ ನಾನು ಕಾಲಿಡುವಂತಿರಲಿಲ್ಲ ಎಂಬುದನ್ನು ತಿಳಿಸಿ. ಉತ್ತರ ಬರೆಯಲು ನೆರವಾಗುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿ, ಪ್ರತಿ ವಾಕ್ಯಕ್ಕೂ ನೆರವಾಗಿ. ಇಡೀ ಕಾದಂಬರಿಯಲ್ಲಿ ನನಗೆ ತೀರ ಮೆಚ್ಚಿಗೆಯಾದ ಕೈಚಳಕ ಇದು.

ಈಗ ಪಾದ್ರಿ ಎಲ್ಟನ್‌ನನ್ನು ತೋರಿಸಿ. ಹ್ಯಾರಿಯೆಟ್‌ಳ ಚಿತ್ರ ಬರೆಯಿರಿ, ಎತ್ತರ ತುಸು ಹೆಚ್ಚಿಸಿ. ಚೌಕಟ್ಟು ಹಾಕಿಸಲು ಅವನು ಲಂಡನ್ನಿಗೆ ಓಡಿದರೆ, ಮನಸ್ಸು ಚಿತ್ರದಲ್ಲಿರುವವಳ ಮೇಲೇ ಎಂದು ತಿಳಿಯಿರಿ. ಚಿತ್ರ ಬರೆದವಳ ಮೇಲೆ ಎಂಬುದು ಕ್ರಿಸ್ಮಸ್ ಹಿಂದಿನ ರಾತ್ರಿ ಗಾಡಿಯಲ್ಲಿ ಅವನು ನಿಮ್ಮ ಕೈ ಹಿಡಿದಾಗ ಹೇಗೂ ಗೊತ್ತಾಗುತ್ತದೆ. ಹ್ಯಾರಿಯೆಟ್‌ಳ ಹೆಸರೆತ್ತಿದರೆ ಅವನಿಗೆ ಅವಮಾನವಾಗುತ್ತದೆ. ಅಳತೆಗೋಲು ನಿಮ್ಮದೇ, ಅಚ್ಚರಿಪಡಬೇಡಿ.

ಮಾರ್ಟಿನ್ ಮನೆಯವರಿಗೆ ಸೌಜನ್ಯ ತೋರಿಸಲೇಬೇಕಾಗಿ ಬಂದರೆ, ಹ್ಯಾರಿಯೆಟ್‌ಳನ್ನು ಅವರ ಬಾಗಿಲಲ್ಲಿ ಇಳಿಸಿ, ಬೇಗ ವಾಪಸು ಬಂದು ಗಾಡಿ ನಿಲ್ಲಿಸಿ. ಎಮ್ಮಾ ಕೊಟ್ಟದ್ದು 14 ನಿಮಿಷ.

ಪಾಠ ಶಿಷ್ಯೆಯ ತಲೆಗೆ ಹತ್ತಿಬಿಟ್ಟರೆ ಅಪಾಯ. ಹ್ಯಾರಿಯೆಟ್ ನೈಟ್ಲಿ ಸಾಹೇಬರ ಮೇಲೇ ಕಣ್ಣಿಟ್ಟಳು. ಆ ಸಾಹೇಬರು ನಿಮಗೇ ಬೇಕೆಂಬುದು ಆ ಗಳಿಗೆಯಲ್ಲೇ ಹೊಳೆಯಲಿ. ಹಲ್ಲಿನ ವೈದ್ಯರ ನೆಪ ಹೂಡಿ ಅವಳನ್ನು ಲಂಡನ್ನಿನ ಅಕ್ಕನ ಮನೆಗೆ ಸಾಗಿಸಿ. ಮಾರ್ಟಿನ್ ಅಲ್ಲಿಗೂ ಬಂದು ಮತ್ತೆ ಕೇಳುತ್ತಾನೆ, ಅವಳು ಒಪ್ಪುತ್ತಾಳೆ. ತಂದೆ ಬರೀ ವ್ಯಾಪಾರಿ ಎಂದು ಹೊರಬಿದ್ದ ಮೇಲಂತೂ ಹುಡುಗ ಚಿನ್ನದಂಥವನು ಎಂದು ಎಲ್ಲರಿಗೂ ಹೇಳಿ. ಸೆಪ್ಟೆಂಬರಿನಲ್ಲಿ ಚರ್ಚಿಗೆ ನೀವೇ ಜೊತೆಗೆ ಹೋಗಿ. ಮದುವೆ ಮಾಡಿಸುವ ಪಾದ್ರಿಯ ಮಾತನ್ನು ದಾರಿಯಲ್ಲಿ ಎತ್ತಬೇಡಿ. ಊರಿಗಿರುವವನು ಎಲ್ಟನ್ ಒಬ್ಬನೇ.